ಕವಾಯತು ಮುಗಿದ ಮೇಲೆ

ಟ್ರಂಕಿನ ಬೀಗ ತೆಗೆಯಲು ದೊಡ್ಡಕ್ಕನ ಗಂಡನ ಕೈಲಿ ಆಗಲಿಲ್ಲ. ಬೀಗದ ಕೈ ಸರಿಯಾದದ್ದೇ. ಆದರೆ ಬೀಗವನ್ನು ಒಂದಿಷ್ಟು ಮೇಲಕ್ಕೆ ಎತ್ತಿ ಹಿಡಿದು ತಿರುಗಿಸಬೇಕು ಅನ್ನುವುದು ಅವನಿಗೆ ಗೊತ್ತಿರಲಿಲ್ಲ. ಪಕ್ಕದ ಮಂಚದ ತುದಿಯಲ್ಲಿ ಕೂತಿದ್ದ ಪಿಟೀಲು ಅದನ್ನು ನೋಡುತ್ತಲೇ ಇದ್ದಳು. ಹೇಳಬೇಕು ಅನ್ನಿಸಿತು, ಬಾಯಿ ಬರಲಿಲ್ಲ. ಕೊನೆಗೆ ಎದ್ದು ಹೋಗಿ ಅವನ ಕೈಯಿಂದ ಬೀಗದ ಕೈ ಇಸಿದುಕೊಂಡು ತಾನೇ ತೆಗೆದುಕೊಟ್ಟಳು.

"ಓ, ಎತ್ತಬೇಕಾ," ಅಂದ ಅವನು. "ಅವಳ ಸಾಮಾನೆಲ್ಲ ಹೀಗೇ. ಮನೇಲಿ ಕುಕ್ಕರ್ ಮುಚ್ಚಳಕ್ಕೂ ಒಂದು ಉಪಾಯ ಇದೆ. ನನಗೆ ಇನ್ನೂ ಬಂದಿಲ್ಲ."

ಹಾಸ್ಟೆಲಿನ ಉದ್ದನೆಯ ಹಜಾರದಲ್ಲಿ ಅವರಿಬ್ಬರ ಹೊರತು ಯಾರೂ ಇರಲಿಲ್ಲ. ಎರಡು ಸಾಲು ಕಬ್ಬಿಣದ ಮಂಚಗಳು, ಅವುಗಳ ಮೇಲೆ ಅಳತೆ ಹಿಡಿದು ಮಡಿಸಿದ ಕಂಬಳಿಗಳು. ಉಳಿದ ಹುಡುಗಿಯರೆಲ್ಲ ಮೈದಾನದಲ್ಲಿದ್ದರು. ಅವರ ಬೂಟುಗಳ ಸದ್ದು ಕಿಟಕಿಯಲ್ಲಿ ಒಮ್ಮೆ ಹತ್ತಿರ ಬಂದು ಮತ್ತೆ ದೂರವಾಗುತ್ತಿತ್ತು. ಸತ್ತುಹೋದ ದೊಡ್ಡಕ್ಕನ ಸಾಮಾನು ತೆಗೆದುಕೊಡಲು ಒಬ್ಬರಾದರೂ ಇರಬೇಕು, ಪಕ್ಕದ ಮಂಚದವಳೇ ಇರಲಿ ಎಂದು ವಾರ್ಡನ್ ಅವಳನ್ನು ಬಿಟ್ಟು ಹೋಗಿದ್ದರು.

ಪಿಟೀಲು ಅನ್ನುವುದು ಅವಳ ನಿಜವಾದ ಹೆಸರೇನಲ್ಲ. ಪೊಲೀಸ್ ತರಬೇತಿ ಶಾಲೆಗೆ ಬಂದ ಹೊಸದರಲ್ಲಿ ಸಾಲಿನ ಮುಂದೆ ನಿಂತು ಆಜ್ಞೆ ಕೂಗು ಅಂದಾಗ ಅವಳ ಗಂಟಲಿನಿಂದ ಬಿಗಿ ತಂತಿ ಎಳೆದ ಹಾಗೆ ಸಣ್ಣದೊಂದು ಸ್ವರ ಹೊರಟಿತ್ತು. "ಇದೇನು ಪೊಲೀಸೋ ಪಿಟೀಲೋ" ಅಂದಿದ್ದರು ಡ್ರಿಲ್ ಮೇಷ್ಟ್ರು. ಮೈದಾನವೆಲ್ಲ ನಕ್ಕಿತ್ತು. ಅಲ್ಲಿಗೆ ಆ ಹೆಸರು ಅಂಟಿಕೊಂಡಿತು. ಹೆದರಿಕೆಯಾದಾಗಲೆಲ್ಲ ಗಂಟಲು ಹಾಗಾಗುತ್ತದೆ ಎಂದು ಅವಳು ಯಾರಿಗೂ ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಎಲ್ಲರಿಗೂ ಕೇಳಿಸುತ್ತಿತ್ತು.

ದೊಡ್ಡಕ್ಕನಿಗೆ ಆ ಹೆಸರು ಬಂದದ್ದು ವಯಸ್ಸಿನಿಂದ. ಕೆಲಸಕ್ಕೆ ಸೇರುವ ವಯಸ್ಸು ಇನ್ನೇನು ಮೀರಿತು ಅನ್ನುವಾಗ ಸೇರಿದವಳು ಅವಳು. ಇನ್ನೂ ಶಾಲೆಗೆ ಹಾಕದ ಪುಟ್ಟ ಮಗಳನ್ನು ಗಂಡನ ಹತ್ತಿರ ಬಿಟ್ಟು ಬಂದಿದ್ದಳು. ಹಜಾರದಲ್ಲಿ ಯಾರಿಗೆ ಹೊಟ್ಟೆ ನೋವು ಬಂದರೂ, ಯಾರಿಗೆ ಮನೆ ನೆನಪಾದರೂ ದೊಡ್ಡಕ್ಕನೇ ಬೇಕಿತ್ತು. ಬೂಟು ಕಚ್ಚಿದ ಹಿಮ್ಮಡಿಗೆ ಪಟ್ಟಿ ಸುತ್ತುತ್ತ, "ಅಳೋದಾದರೆ ಈಗಲೇ ಅತ್ತು ಮುಗಿಸು, ಆಮೇಲೆ ನನಗೆ ನಿದ್ದೆ ಬರತ್ತೆ" ಅನ್ನುತ್ತಿದ್ದಳು.

ಈಗ ಅವಳ ಗಂಡ ಆ ಪಟ್ಟಿಗಳ ಸುರುಳಿಯನ್ನೇ ಕೈಲಿ ಹಿಡಿದು ಕೂತಿದ್ದ. ಕಟ್ಟಡಗಳಿಗೆ ಬಣ್ಣ ಹೊಡೆಯುವ ಕೆಲಸ ಅವನದು. ಎಷ್ಟು ತೊಳೆದರೂ ಹೋಗದ ಹಳದಿ ಅವನ ಉಗುರಿನ ಸಂದಿಯಲ್ಲಿತ್ತು. ತೋಳು ಪೂರ್ತಿ ಮುಚ್ಚುವ ಬಿಳಿ ಅಂಗಿ ಹಾಕಿ, ಕುತ್ತಿಗೆಯ ಗುಂಡಿಯನ್ನೂ ಬಿಡದೆ ಬಿಗಿದುಕೊಂಡು ಬಂದಿದ್ದ. ಇಂಟರ್ವ್ಯೂಗೆ ಬಂದವನ ಹಾಗೆ ಕಾಣುತ್ತಿದ್ದ.

"ಒಂದು ಮಾತು ಕೇಳ್ಲಾ ಅಮ್ಮ?"

 ಈ ಪ್ರಶ್ನೆ ಬರುತ್ತದೆ ಎಂದು ಬೆಳಗ್ಗೆ ವಾರ್ಡನ್ ಹೆಸರು ಕೂಗಿದಾಗಿನಿಂದ ಅವಳು ಕಾದಿದ್ದಳು.

"ಅವತ್ತು ಪರೇಡ್ ಮುಗಿದ ಮೇಲೆ ಅವಳು ತನ್ನಿಷ್ಟಕ್ಕೆ ಓಡ್ತಿದ್ಲು ಅಂತ ಆಫೀಸಲ್ಲಿ ಹೇಳಿದ್ರು. ಅಭ್ಯಾಸ ಸಾಲದು ಅಂತ ತಾನಾಗೇ ಮರಳು ಚೀಲ ಹೊತ್ಕೊಂಡಳಂತೆ." ಅವನು ಪಟ್ಟಿಯ ಸುರುಳಿಯನ್ನು ಬಿಚ್ಚಿ ಮತ್ತೆ ಸುತ್ತಿದ. "ನಮ್ಮವಳು ಬಸ್ಸಿಗೂ ಓಡಿದವಳಲ್ಲಮ್ಮ. ಕಣ್ಮುಂದೆ ಬಸ್ಸು ಹೊರಟರೂ ನಡ್ಕೊಂಡೇ ಬರೋಳು. ಹೋದ್ರೆ ಹೋಗಲಿ, ಅದರಪ್ಪನಂಥದ್ದು ಬರತ್ತೆ ಅನ್ನೋಳು. ಅಂಥೋಳು ಇಲ್ಲಿ ಬಂದು ಅಷ್ಟು ಬದಲಾಗಿದ್ಲಾ?"

ಪಿಟೀಲು ಟ್ರಂಕಿನೊಳಗಿದ್ದ ಟವೆಲನ್ನು ತೆಗೆದು ಮಡಿಸಿದಳು. ಮಡಿಸಿದ್ದನ್ನೇ ಮತ್ತೆ ಮಡಿಸಿದಳು.

"ನನಗೆ ಗೊತ್ತಿಲ್ಲ ಅಣ್ಣ," ಅಂದಳು.

ಅವನು ತಲೆಯಾಡಿಸಿದ. ನಂಬಿದನೋ ಇಲ್ಲವೋ ತಿಳಿಯಲಿಲ್ಲ. ಯಾರಾದರೂ ಕೇಳಿಸಿಕೊಂಡಾರು ಅನ್ನುವ ಹಾಗೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ತರಬೇತಿ ಮಾಡ್ತಾ ಸತ್ತರೆ ಮನೆಯವರಿಗೆ ಪರಿಹಾರ ಕೊಡ್ತಾರಂತೆ, ಮಗುವಿಗೆ ಓದು ಮುಗಿಯೋವರೆಗೂ ಏನೋ ಒಂದು ಬರತ್ತಂತೆ. ಆದರೆ ತರಬೇತಿ ಹೊತ್ತು ಅಲ್ಲದಿದ್ರೆ ಏನೂ ಇಲ್ಲ. ಇಲ್ಲದಿದ್ರೆ ಬೇಡ ಬಿಡು, ನಾನು ಅದಕ್ಕೆ ಬಂದವನಲ್ಲ. ಸೇರುವಾಗ ಅವಳು ಒಂದು ಬಾಂಡ್ ಬರ್ಕೊಟ್ಟಿದ್ಲಲ್ಲ, ಮಧ್ಯದಲ್ಲಿ ಬಿಟ್ರೆ ಖರ್ಚೆಲ್ಲ ವಾಪಸ್ ಕಟ್ತೀನಿ ಅಂತ. ಸತ್ತರೂ ಅದು ಬಿಟ್ಟ ಹಾಗೇನಾ? ಅದನ್ನ ಯಾರನ್ನ ಕೇಳೋದು ಅಂತ ಗೊತ್ತಾಗ್ತಿಲ್ಲ. ಕೇಳಿದ್ರೆ ಎಲ್ಲಿ ನೆನಪು ಮಾಡಿಕೊಟ್ಟ ಹಾಗಾಗತ್ತೋ ಅಂತ ಭಯ."

ಪಿಟೀಲೂ ಅಂಥದ್ದೇ ಬಾಂಡಿಗೆ ಸಹಿ ಹಾಕಿ ಬಂದವಳು. 

ಆ ದಿನ ನಡೆದದ್ದು ಇಷ್ಟು.

ಸಂಜೆಯಾಗುತ್ತ ಬಂದರೂ ಬಿಸಿಲು ಇಳಿದಿರಲಿಲ್ಲ. ಮೈದಾನದ ಕೊನೆಯಲ್ಲಿ ಹತ್ತಿ ದಾಟಬೇಕಾದ ಗೋಡೆಯೊಂದಿತ್ತು. ಎಲ್ಲರೂ ಹೇಗೋ ದಾಟಿದರು. ದೊಡ್ಡಕ್ಕ ಮಾತ್ರ ಬೆರಳ ತುದಿಯಲ್ಲಿ ನೇತಾಡಿ ಪ್ರತಿ ಸಲವೂ ಜಾರಿ ಬಿದ್ದಳು. ಮೇಷ್ಟ್ರು ಕೊನೆಗೆ ಬೇಸತ್ತು ಎಲ್ಲರನ್ನೂ ಸಾಲು ನಿಲ್ಲಿಸಿ "ಡಿಸ್ಮಿಸ್" ಅಂದರು. ಹುಡುಗಿಯರು ಟೀ ಕುಡಿಯಲು ಓಡಿದರು. ದೊಡ್ಡಕ್ಕನೂ ತಿರುಗಿದ್ದಳು. "ನೀನೆಲ್ಲಿಗೆ?" ಅಂದರು ಮೇಷ್ಟ್ರು. "ಚೀಲ ತಗೋ. ನಾನು ಸಾಕು ಅನ್ನೋವರೆಗೂ ಓಡ್ತಿರು. ಪಿಟೀಲು, ನೀನು ನಿಂತು ನೋಡ್ಕೋ, ಎಲ್ಲಾದರೂ ನಡೆದರೆ ನನಗೆ ಹೇಳು." ಹಾಗೆ ಹೇಳಿ ಅವರು ಉಗ್ರಾಣದ ಜಗಲಿಯ ನೆರಳಿಗೆ ಹೋಗಿ ಫೋನ್ ಹಿಡಿದರು.

ದೊಡ್ಡಕ್ಕ ಓಡಿದಳು. ಮೇಷ್ಟ್ರು ಆ ಕಡೆ ತಿರುಗಿದ್ದಾಗ ಪಿಟೀಲು ತನ್ನ ನೀರಿನ ಬಾಟಲಿ ಚಾಚಿದಳು. ದೊಡ್ಡಕ್ಕ ಒಂದು ಗುಟುಕು ಕುಡಿದು ಮಿಕ್ಕದ್ದನ್ನು ತಲೆಗೆ ಸುರಿದುಕೊಂಡು, "ಇವರು ನಮ್ಮನ್ನ ಪೊಲೀಸ್ ಮಾಡ್ತಾರೋ ಕತ್ತೆ ಮಾಡ್ತಾರೋ ಮೊದಲು ಕೇಳ್ಬೇಕಿತ್ತು ಕಣೇ" ಎಂದು ನಕ್ಕಳು. ಆಮೇಲೆ ಅವಳ ಹೆಜ್ಜೆ ತಪ್ಪತೊಡಗಿತು. ಮುಖ ಕೆಂಪಾಗಿದ್ದದ್ದು ಬೂದಿಯ ಬಣ್ಣಕ್ಕೆ ತಿರುಗಿತು. ಬೆವರು ನಿಂತುಹೋಗಿತ್ತು. ಪಿಟೀಲಿಗೆ ಅದು ಕಂಡಿತು. ಜಗಲಿಯ ಕಡೆ ಅರ್ಧ ದಾರಿ ನಡೆದಳು ಕೂಡ. ಮೇಷ್ಟ್ರು ಫೋನ್ ಕಿವಿಯಲ್ಲಿಟ್ಟುಕೊಂಡೇ, ನೊಣ ಓಡಿಸುವ ಹಾಗೆ ಕೈ ಬೀಸಿದರು. ಹೋಗು ಅಂತ. ಅವಳು ವಾಪಸ್ಸಾದಳು.

ವಾಪಸ್ಸಾದದ್ದು ಅವಳಿಗೆ ಈಗಲೂ ಮೈಯಲ್ಲಿ ನೆನಪಿತ್ತು. ಕಾಲುಗಳು ತಾವಾಗಿಯೇ ತಿರುಗಿದ್ದವು, ಅವಳನ್ನು ಕೇಳಿರಲಿಲ್ಲ.

ದೊಡ್ಡಕ್ಕ ಬಿದ್ದಾಗ ಚೀಲ ಅವಳ ಬೆನ್ನ ಮೇಲೆಯೇ ಇತ್ತು. ಪಿಟೀಲು ಕೂಗಿದಳು, ದನಿ ಮೈದಾನದ ನಡುವಿಗೂ ತಲುಪಲಿಲ್ಲ. ಓಡಿ ಹೋಗಿ ಮೇಷ್ಟ್ರ ತೋಳು ಹಿಡಿದು ಎಳೆಯಬೇಕಾಯಿತು. ಅವರು ದೊಡ್ಡಕ್ಕನನ್ನು ತಾವೇ ಹೆಗಲ ಮೇಲೆ ಹಾಕಿಕೊಂಡು ಜೀಪಿನವರೆಗೆ ಓಡಿದರು. ಅದನ್ನೂ ಅವಳು ನೋಡಿದ್ದಳು. ಆಸ್ಪತ್ರೆಯಿಂದ ದೊಡ್ಡಕ್ಕ ವಾಪಸ್ ಬರಲಿಲ್ಲ.

ಪರೇಡ್ ಡಿಸ್ಮಿಸ್ ಆದದ್ದನ್ನು ಸಾಲಿನಲ್ಲಿದ್ದವರೆಲ್ಲ ಕೇಳಿದ್ದರು. ಅದಾದ ಮೇಲಿನ ಮಾತನ್ನು ಕೇಳಿದವಳು ಇವಳೊಬ್ಬಳೇ.

ದೊಡ್ಡಕ್ಕನ ಗಂಡ ಟ್ರಂಕು ಹೊತ್ತು ಆಫೀಸಿನ ಕಡೆ ಹೋದ ಮೇಲೆ ಪಿಟೀಲು ಹಿಂದಿನ ನಲ್ಲಿಯ ಹತ್ತಿರ ಹೋಗಿ ಮುಖಕ್ಕೆ ನೀರು ಹಾಕಿಕೊಂಡಳು. ತಲೆ ಎತ್ತಿದಾಗ ಮೇಷ್ಟ್ರು ನಿಂತಿದ್ದರು. ಅವಳು ಒದ್ದೆ ಕೈಯಲ್ಲೇ ನೆಟ್ಟಗಾದಳು.

"ಹೆದರಬೇಡ," ಅಂದರು ಅವರು. ಅವರ ದನಿ ತಗ್ಗಿತ್ತು. ಆ ಮನುಷ್ಯ ಮೈದಾನದ ಈ ತುದಿಯಲ್ಲಿ ಕೆಮ್ಮಿದರೆ ಆ ತುದಿಯ ಸಾಲು ನೆಟ್ಟಗಾಗುತ್ತಿತ್ತು. ಅಂಥವರು ಇಷ್ಟು ಮೆಲ್ಲಗೆ ಮಾತಾಡಬಲ್ಲರು ಅನ್ನುವುದೇ ಅವಳಿಗೆ ಗೊತ್ತಿರಲಿಲ್ಲ. ಕೂಗಿದ್ದರೆ ಇಷ್ಟು ಭಯವಾಗುತ್ತಿರಲಿಲ್ಲವೇನೋ.

"ವಿಚಾರಣೆಗೆ ಮೇಡಂ ಬಂದಿದ್ದಾರೆ. ಕೇಂದ್ರ ಕಚೇರಿಯಿಂದ. ಊಟ ಆದ ಮೇಲೆ ನಿನ್ನನ್ನೂ ಕರೀತಾರೆ. ಪರೇಡ್ ಡಿಸ್ಮಿಸ್ ಆಗಿತ್ತೋ ಇಲ್ವೋ?"

"ಆಗಿತ್ತು ಮೇಷ್ಟ್ರೇ."

"ಸುಳ್ಳಲ್ಲ ತಾನೇ?"

"ಅಲ್ಲ."

"ಅಷ್ಟೇ ಹೇಳು. ನಾನು ಸುಳ್ಳು ಹೇಳು ಅಂತ ಯಾರಿಗೂ ಹೇಳಲ್ಲ." ಅವರು ಜೇಬಿನಿಂದ ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು. ನೆರಳಿನಲ್ಲಿ ನಿಂತಿದ್ದರೂ ಅವರ ಅಂಗಿಯ ಬೆನ್ನು ಒದ್ದೆಯಾಗಿತ್ತು. "ಇಷ್ಟು ವರ್ಷದಲ್ಲಿ ಎಷ್ಟು ಜನರನ್ನ ಓಡಿಸಿಲ್ಲ ನಾನು. ಬೈಕೊಂಡು ಓಡ್ತಾರೆ, ಆಮೇಲೆ ಸಮವಸ್ತ್ರ ಹಾಕ್ಕೊಂಡು ಬಂದು ಕಾಲಿಗೆ ಬೀಳ್ತಾರೆ. ಅವಳಿಗೆ ಮೊದಲೇ ಏನೋ ಇತ್ತು ಅಂತ ಕಾಣತ್ತೆ. ನಿವೃತ್ತಿ ಹತ್ತಿರ ಬಂತು ನನಗೆ. ನನಗೂ ಮಗಳಿದ್ದಾಳೆ."

ಪಿಟೀಲು ನಲ್ಲಿಯನ್ನೇ ನೋಡುತ್ತಿದ್ದಳು. ಅದು ಪೂರ್ತಿ ನಿಂತಿರಲಿಲ್ಲ, ತೊಟ್ಟಿಕ್ಕುತ್ತಿತ್ತು.

"ನಿನ್ನ ಓಟದ ಪರೀಕ್ಷೆ ಇನ್ನೂ ಅಂಚಿನಲ್ಲಿದೆ," ಅಂದರು ಮೇಷ್ಟ್ರು. "ಪಾಸು ಅಂತ ಸಹಿ ಹಾಕಬೇಕಾದವನು ನಾನೇ. ಹಾಕ್ತೀನಿ. ಅದನ್ನೂ ಹೇಳಿ ಹೋಗೋಣ ಅಂತ ಬಂದೆ."

ಅವರು ಹೋದ ಮೇಲೆ ಅವಳು ನಲ್ಲಿಯ ಕಟ್ಟೆಯ ಮೇಲೆ ಕೂತಳು. ಕೈ ಮೂಸಿದಳು. ಇದು ಅವಳ ಹಳೆಯ ಚಾಳಿ. ಇಲ್ಲಿಗೆ ಬರುವ ಮೊದಲು ಅವಳು ಮೀನು ಶುದ್ಧ ಮಾಡಿ ಮಂಜುಗಡ್ಡೆಯಲ್ಲಿ ತುಂಬುವ ಕಾರ್ಖಾನೆಯಲ್ಲಿದ್ದಳು. ಅಮ್ಮ ಇನ್ನೂ ಅಲ್ಲೇ ಇದ್ದಾಳೆ. ದಿನವಿಡೀ ಮಂಜುನೀರಿನಲ್ಲಿ ಕೈ ಅದ್ದಿ ಅದ್ದಿ ಅಮ್ಮನ ಬೆರಳುಗಳು ಈಗ ಮುಷ್ಟಿ ಕಟ್ಟಲೂ ಬರದಷ್ಟು ಸೆಟೆದಿವೆ. ಕೆಲಸ ಸಿಕ್ಕಿದ ದಿನ ಅಮ್ಮ ಆ ಕೈಯಲ್ಲೇ ಅವಳ ಕೆನ್ನೆ ಹಿಡಿದು, "ಇನ್ನು ನಿನ್ನ ಮೈ ವಾಸನೆ ಬರಲ್ಲ ಬಿಡು" ಅಂದಿದ್ದಳು. ಇಲ್ಲಿಂದ ಹೊರಗೆ ಹಾಕಿದರೆ ಮತ್ತೆ ಅದೇ ಕಾರ್ಖಾನೆ, ಅದೇ ರಬ್ಬರ್ ಬೂಟು, ಮೇಲಿಂದ ಬಾಂಡಿನ ಸಾಲ. ಅವಳು ನಲ್ಲಿ ತಿರುಗಿಸಿ ಮತ್ತೆ ಕೈ ತೊಳೆದಳು. ಬೆಳಗಿನಿಂದ ಅದೆಷ್ಟನೇ ಸಲವೋ.

ಊಟದ ಮನೆಯಲ್ಲಿ ಅವಳ ತಂಡದ ಲೀಡರ್ ಪಕ್ಕಕ್ಕೆ ಬಂದು ಕೂತಳು. ಗಟ್ಟಿ ಮೈಕಟ್ಟಿನ, ಗಟ್ಟಿ ಮಾತಿನ ಹುಡುಗಿ ಅವಳು.

"ನಾವೆಲ್ಲ ಹೇಳಿ ಬಂದ್ವಿ," ಅಂದಳು. "ನಿಜಾನೇ ಹೇಳಿದ್ವಿ. ಡಿಸ್ಮಿಸ್ ಆಯ್ತು, ಟೀಗೆ ಹೋದ್ವಿ, ಆಮೇಲೇನಾಯ್ತೋ ಗೊತ್ತಿಲ್ಲ ಅಂತ. ನೀನೂ ಕೇಳಿದ್ದಕ್ಕಿಂತ ಒಂದು ಮಾತು ಹೆಚ್ಚು ಹೇಳೋಕೆ ಹೋಗಬೇಡ."

"ನೀವು ಹೋದ ಮೇಲೆ ನಾನಿದ್ದೆನಲ್ಲ."

ಲೀಡರ್ ಚಮಚ ಕೆಳಗಿಟ್ಟಳು. ಅವಳ ಕಣ್ಣಲ್ಲೂ ಹೆದರಿಕೆ ಇತ್ತು, ಆದರೆ ಅದನ್ನು ಅವಳು ಸಿಟ್ಟಿನಿಂದ ಮುಚ್ಚಿಕೊಂಡಿದ್ದಳು. "ನನಗೆ ಹೇಳಬೇಡ," ಅಂದಳು. "ದಯವಿಟ್ಟು ಹೇಳಬೇಡ. ನನಗೆ ಗೊತ್ತಾಗೋದು ಬೇಡ." ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋದಳು.

ವಿಚಾರಣೆ ನಡೆದದ್ದು ಗ್ರಂಥಾಲಯದ ಕೋಣೆಯಲ್ಲಿ. ಹೊರಗಿನ ಬೆಂಚಿನ ಮೇಲೆ ಮೇಷ್ಟ್ರು ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು ಕೂತಿದ್ದರು. ಅವಳು ಒಳಗೆ ಹೋಗುವಾಗ ಅವರು ತಲೆ ಎತ್ತಿ ನೋಡಲಿಲ್ಲ. ಒಳಗೆ ಕಾನೂನು ಪುಸ್ತಕಗಳ ಕಪಾಟಿನ ಮುಂದೆ ವಿಚಾರಣೆಯ ಮೇಡಂ ಕೂತಿದ್ದರು. ಅವರಿಗೆ ವಿಪರೀತ ನೆಗಡಿ. ಮೂಗು ಕೆಂಪಾಗಿ, ಕಣ್ಣು ತೇವವಾಗಿ, ಅವರೇ ಅಳುತ್ತಿದ್ದಾರೇನೋ ಅನ್ನಿಸುವ ಹಾಗಿದ್ದರು. ಪಕ್ಕದಲ್ಲಿ ಟೈಪು ಮಾಡುವವನೊಬ್ಬ.

"ಕೂತ್ಕೋ," ಅಂದರು ಮೇಡಂ. "ಪರೇಡ್ ಮುಗಿದಾಗ ನೀನಿದ್ದೆಯಾ?"

"ಇದ್ದೆ ಮೇಡಂ." ಕೋಣೆಯಲ್ಲಿ ಪಿಟೀಲು ಸ್ವರ ಕೇಳಿ ಟೈಪು ಮಾಡುವವನು ತಲೆ ಎತ್ತಿ ನೋಡಿದ.

"ಡಿಸ್ಮಿಸ್ ಅಂದರಾ?"

"ಅಂದ್ರು."

"ಆಮೇಲೆ ಆಕೆ ಓಡಿದ್ದು ತಾನಾಗಿಯೋ, ಯಾರಾದರೂ ಹೇಳಿಯೋ?"

ಇದಕ್ಕೆ ಹೌದು ಇಲ್ಲ ಅನ್ನುವ ಉತ್ತರವಿಲ್ಲ, ಒಂದು ಮಾತು ಆಡಲೇಬೇಕು ಎಂದು ಅವಳಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಬಾಗಿಲಿನ ಆಚೆ ಬೆಂಚು ಕಿರುಗುಟ್ಟಿತು. ಅಂಗೈ ತಣ್ಣಗಾಯಿತು. ತಣ್ಣಗಾದದ್ದೇ ಮಂಜುನೀರಿನ ತೊಟ್ಟಿ ಕಣ್ಣೆದುರು ಬಂತು.

"ತಾನಾಗೇ," ಅಂದಳು.

ಕೀಲಿಮಣೆ ಪಟಪಟ ಬಡಿದುಕೊಂಡಿತು. ಮೇಡಂ ಅವಳನ್ನೇ ಸ್ವಲ್ಪ ಹೊತ್ತು ನೋಡಿದರು. ಮುಂದಿನ ಪ್ರಶ್ನೆ ಕೇಳುತ್ತಾರೇನೋ ಅನ್ನುವಷ್ಟರಲ್ಲಿ ಸೀನು ಬಂತು. ಸೀನಿ, ಕಾಗದ ಮುಂದಕ್ಕೆ ತಳ್ಳಿ, "ಓದಿ ಸಹಿ ಹಾಕು" ಅಂದರು. ಅವಳು ಓದದೆ ಸಹಿ ಹಾಕಿದಳು.

ಹೊರಗೆ ಬಂದಾಗ ಮೇಷ್ಟ್ರು ಎದ್ದು ನಿಂತರು. ಅವಳ ಮುಖದಲ್ಲೇ ಉತ್ತರ ಓದಿಕೊಂಡರು. "ಹೋಗು, ಮಲಕ್ಕೋ," ಅಂದರು. "ಇವತ್ತು ಸಂಜೆ ಮೈದಾನಕ್ಕೆ ಬರೋದು ಬೇಡ." ಅವಳು ಹೂಂ ಅಂದಳು. ಆ ರಜೆ ಅವಳಿಗೆ ಕೊಟ್ಟ ಕೂಲಿಯ ಹಾಗಿತ್ತು.

ಹಾಸ್ಟೆಲಿಗೆ ಹೋಗುವ ದಾರಿ ಗೇಟಿನ ಮುಂದಿನಿಂದಲೇ. ಗೇಟಿನ ಪಕ್ಕದ ಗೋಡೆಗೆ ಒರಗಿ, ಟ್ರಂಕಿನ ಮೇಲೆ ದೊಡ್ಡಕ್ಕನ ಗಂಡ ಇನ್ನೂ ಕೂತಿದ್ದ. ಕುತ್ತಿಗೆಯ ಗುಂಡಿ ಈಗ ಬಿಚ್ಚಿತ್ತು. ಅವನನ್ನು ನೋಡಿ ಅವಳು ಬೇರೆ ದಾರಿ ಹಿಡಿಯಬೇಕೆಂದುಕೊಂಡಳು. ಅಷ್ಟರಲ್ಲಿ ಅವನೇ ಎದ್ದು ಬಂದ.

"ಅಮ್ಮ, ಒಂದು ನಿಮಿಷ. ಇದೊಂದು ಓದಿ ಹೇಳ್ತೀಯಾ? ಓದೋಕೆ ಬರತ್ತೆ ನನಗೆ, ಆದರೆ ತಲೆ ಓಡ್ತಿಲ್ಲ."

ಕೈಯಲ್ಲಿ ಒಂದು ಕಾಗದವಿತ್ತು. ಆಫೀಸಿನಲ್ಲಿ ಕೊಟ್ಟದ್ದಂತೆ. ನನ್ನ ಹೆಂಡತಿಯ ಸಾವು ತರಬೇತಿಗೆ ಸಂಬಂಧಿಸಿದ್ದಲ್ಲ, ಮುಂದೆ ನಾನಾಗಲಿ ನನ್ನ ಮಗಳಾಗಲಿ ಏನನ್ನೂ ಕೇಳುವುದಿಲ್ಲ ಎಂದು ಅದರಲ್ಲಿತ್ತು. ಸಹಿಗೆ ಜಾಗ ಬಿಟ್ಟಿತ್ತು.

"ಇದಕ್ಕೆ ಸಹಿ ಹಾಕಿ ಹೋದ್ರೆ ಬಾಂಡಿನ ವಿಷಯ ಎತ್ತಲ್ಲ ಅಂದ್ರು ಆಫೀಸಿನವರು. ಅವರೂ ಒಳ್ಳೇದಕ್ಕೇ ಹೇಳಿರಬಹುದು." ಅವನು ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ ಮಾಡುತ್ತಿದ್ದ. "ಹಾಕ್ಲಾ? ನಮ್ಮ ಕಡೆ ಕೇಳೋಣ ಅಂದ್ರೆ ಇಂಥದ್ದೆಲ್ಲ ತಿಳಿದವರು ಯಾರೂ ಇಲ್ಲ. ತಿಳಿದೋಳು ಅಂತ ಇದ್ದದ್ದು ಅವಳೊಬ್ಬಳು. ನೀನು ಪೊಲೀಸ್ ತಾನೇ ಅಮ್ಮ, ನಿನಗೆ ಗೊತ್ತಿರತ್ತೆ. ನೀನು ಹಾಕು ಅಂದ್ರೆ ಹಾಕ್ತೀನಿ."

ಪೊಲೀಸ್ ಎಂದು ಅವಳನ್ನು ಇಲ್ಲಿಯವರೆಗೆ ಯಾರೂ ಕರೆದಿರಲಿಲ್ಲ. ಅಮ್ಮ ಕೂಡ ಪೊಲೀಸ್ ಆಗ್ತಾಳೆ ಅನ್ನುತ್ತಿದ್ದಳೇ ಹೊರತು ಆಗಿದ್ದಾಳೆ ಅಂದಿರಲಿಲ್ಲ. ಅವನು ಪೆನ್ನು ಹಿಡಿದುಕೊಂಡು ಅವಳ ಬಾಯಿಯನ್ನೇ ನೋಡುತ್ತಿದ್ದ. ಅವಳು ಏನು ಹೇಳಿದರೂ ಅದನ್ನೇ ಮಾಡುವವನ ಹಾಗೆ, ವೈದ್ಯರ ಎದುರು ಕೂತ ರೋಗಿಯ ಹಾಗೆ. ಒಂದು ಸಲ ತಲೆಯಾಡಿಸಿದ್ದರೆ ಸಾಕಿತ್ತು. ಅವನು ಸಹಿ ಹಾಕಿ, ಟ್ರಂಕು ಹೊತ್ತು ಬಸ್ಸು ಹತ್ತುತ್ತಿದ್ದ.

"ಹಾಕಬೇಡಿ," ಅಂದಳು.

"ಏನು?"

ದನಿ ಅಷ್ಟು ಸಣ್ಣಗಿತ್ತು. "ಹಾಕಬೇಡಿ ಅಣ್ಣ. ಇಲ್ಲೇ ಕೂತಿರಿ. ನಾನು ಬರೋವರೆಗೂ ಹೋಗಬೇಡಿ."

ವಾಪಸ್ ನಡೆಯುವಾಗ ಅವಳಿಗೆ ಧೈರ್ಯವೇನೂ ಬಂದಿರಲಿಲ್ಲ.  ಮೇಡಂ ಹೊರಟುಹೋಗಿದ್ದರೆ ಸಾಕು, ಕೋಣೆಗೆ ಬೀಗ ಬಿದ್ದಿದ್ದರೆ ಸಾಕು ಎಂದು ಮನಸ್ಸು ಬೇಡುತ್ತಿತ್ತು. ಹಾಗಾಗಿದ್ದರೆ ಪ್ರಯತ್ನ ಮಾಡಿದೆ ಎಂದು ತನಗೆ ತಾನೇ ಹೇಳಿಕೊಂಡು ಬದುಕಬಹುದಿತ್ತು. ಆದರೆ ಬಾಗಿಲು ತೆರೆದೇ ಇತ್ತು. ಮೇಷ್ಟ್ರು ಬೆಂಚಿನಲ್ಲೇ ಇದ್ದರು. ಅವಳು ಬರುವುದನ್ನು ದೂರದಿಂದಲೇ ಕಂಡು ಅವರ ಮುಖ ಬದಲಾಯಿತು.

"ಏನು ಮರೆತೆ?" ಅಂದರು.

 ಅವರ ಮುಂದಿನಿಂದ ಹಾದು ಹೋಗುವ ಆ ಎರಡು ಮಾರು ಜಾಗ ಮೈದಾನಕ್ಕಿಂತ ದೊಡ್ಡದಾಗಿ ಕಂಡಿತು. ಅವರು ಕೈ ಚಾಚಿ ತಡೆಯುತ್ತಾರೆ ಎಂದುಕೊಂಡಳು. ಅವರು ತಡೆಯಲಿಲ್ಲ.

ಮೇಡಂ ಕಾಗದಗಳನ್ನು ಚೀಲಕ್ಕೆ ಹಾಕುತ್ತಿದ್ದರು.

"ಮೇಡಂ, ನಾನು ಸುಳ್ಳು ಹೇಳಿದೆ."

ಮೇಡಂ ಮೂಗು ಒರೆಸಿಕೊಂಡು ಅವಳನ್ನು ನೋಡಿದರು. ಅವರ ಮುಖದಲ್ಲಿ ಆಶ್ಚರ್ಯವೂ ಇರಲಿಲ್ಲ, ಮೆಚ್ಚುಗೆಯೂ ಇರಲಿಲ್ಲ. ದಣಿವಿತ್ತು. "ಸಹಿ ಹಾಕಿದ್ದೀಯಲ್ಲಮ್ಮ," ಅಂದರು. "ಅದನ್ನ ನಾನು ಹರಿಯೋ ಹಾಗಿಲ್ಲ. ಇನ್ನೊಂದು ಹೇಳಿಕೆ ಕೊಟ್ಟರೆ ಎರಡೂ ಜೊತೆಗೇ ಮೇಲೆ ಹೋಗುತ್ತವೆ. ಮೊದಲು ಸುಳ್ಳು ಹೇಳಿದಳು ಅಂತ ನಿನ್ನ ದಾಖಲೆಯಲ್ಲಿ ಕೂತುಬಿಡತ್ತೆ. ಪೊಲೀಸ್ ಕೆಲಸ ಇದು. ನಿನ್ನನ್ನ ಮನೆಗೆ ಕಳಿಸಬಹುದು. ನಾನು ಉಳಿಸ್ತೀನಿ ಅಂತ ಹೇಳಲ್ಲ. ಹೊರಗೆ ಹೋಗಿ ಇನ್ನೊಂದು ಸಲ ಯೋಚನೆ ಮಾಡು."

"ಹೊರಗೆ ಹೋದ್ರೆ ನಾನು ಮತ್ತೆ ಬರಲ್ಲ ಮೇಡಂ," ಅಂದಳು ಪಿಟೀಲು. "ಈಗಲೇ ಬರ್ಕೊಳ್ಳಿ."

ಟೈಪು ಮಾಡುವವನು ಮೇಡಂ ಮುಖ ನೋಡಿದ. ಅವರು ಕುರ್ಚಿ ಎಳೆದುಕೊಂಡು ಕೂತರು. ಬಾಗಿಲನ್ನು ಯಾರೂ ಮುಚ್ಚಲಿಲ್ಲ. ನಡೆದದ್ದನ್ನೆಲ್ಲ ಅವಳು ಹೇಳಿದಳು. ಒಂದೊಂದು ಮಾತನ್ನು ಎರಡೆರಡು ಸಲ ಹೇಳಬೇಕಾಯಿತು. ಚೀಲ ತಗೋ ಅಂದದ್ದು, ಸಾಕು ಅನ್ನೋವರೆಗೂ ಓಡು ಅಂದದ್ದು, ಬೆವರು ನಿಂತದ್ದು, ತಾನು ಅರ್ಧ ದಾರಿ ಹೋದದ್ದು.

"ಕೈ ಬೀಸಿದರು ಅಂದೆಯಲ್ಲ. ಬಾ ಅಂತಲೋ, ಹೋಗು ಅಂತಲೋ?"

"ಹೋಗು ಅಂತ."

"ಆಮೇಲೆ ನೀನೇನು ಮಾಡಿದೆ?"

"ಹೋದೆ." ಅಲ್ಲಿ ಅವಳು ಅತ್ತಳು. ಟೈಪು ಮಾಡುವವನು ಕೈ ನಿಲ್ಲಿಸಿ ಕಾದ. "ಅವರೇ ಹೆಗಲ ಮೇಲೆ ಹಾಕ್ಕೊಂಡು ಓಡಿದ್ರು ಮೇಡಂ. ಅದನ್ನೂ ಬರ್ಕೊಳ್ಳಿ," ಅಂದಳು.

ಈ ಸಲ ಓದಿ ಸಹಿ ಹಾಕಿದಳು. ಹೊರಗೆ ಬಂದಾಗ ಬೆಂಚು ಖಾಲಿಯಾಗಿತ್ತು.

ಆಮೇಲಿನ ದಿನಗಳನ್ನು ಅವಳು ಹೇಗೆ ಕಳೆದಳೋ ಅವಳಿಗೇ ಗೊತ್ತು. ಊಟದ ಮೇಜಿನಲ್ಲಿ ಅವಳ ಎಡಬಲದ ಜಾಗ ಖಾಲಿ ಉಳಿಯುತ್ತಿತ್ತು. ಜಗಳವೆಂದಲ್ಲ, ಅಂಟುರೋಗದವಳ ಹತ್ತಿರ ಕೂರಲು ಹಿಂಜರಿಯುವ ಹಾಗೆ. ಆಫೀಸಿನ ಜವಾನ ಹಾಸ್ಟೆಲಿನ ಕಡೆ ತಿರುಗಿದರೆ ಅವಳು ಕೈಲಿದ್ದ ಕೆಲಸ ಬಿಟ್ಟು ಎದ್ದು ನಿಲ್ಲುತ್ತಿದ್ದಳು. ಗಂಟು ಕಟ್ಟು ಎಂದು ಹೇಳಲು ಬಂದನೇನೋ ಎಂದು ಎಷ್ಟೋ ಸಲ ಮನಸ್ಸಿನಲ್ಲೇ ಟ್ರಂಕು ತುಂಬಿದಳು. ನಿದ್ದೆಯಲ್ಲಿ ಬೆಚ್ಚಿ ಎದ್ದರೆ ಪಕ್ಕದ ಮಂಚದಲ್ಲಿ ಬರೀ ಹಾಸಿಗೆಯ ಸುರುಳಿ. ಅಮ್ಮನಿಗೆ ಫೋನ್ ಮಾಡಿದಾಗಲೆಲ್ಲ "ಚೆನ್ನಾಗಿದೀನಿ" ಅನ್ನುತ್ತಿದ್ದಳು. "ಯಾಕೆ ಗಂಟಲು ಹಾಗಿದೆ?" ಎಂದು ಅಮ್ಮ ಕೇಳಿದರೆ, "ಇಲ್ಲಿ ಧೂಳು" ಅನ್ನುತ್ತಿದ್ದಳು.

ತೀರ್ಮಾನ ಬಂದದ್ದು ಬಹಳ ತಡವಾಗಿ. ದೊಡ್ಡಕ್ಕನ ಸಾವು ತರಬೇತಿಯಲ್ಲಿ ಆದದ್ದೇ ಎಂದಾಯಿತು. ಮೇಷ್ಟ್ರನ್ನು ಮೈದಾನದಿಂದ ತೆಗೆದರು. ಪಿಟೀಲಿನ ಮೊದಲ ಹೇಳಿಕೆಯನ್ನು ಯಾರೂ ಮರೆತಿರಲಿಲ್ಲ. ಅವಳನ್ನು ಮನೆಗೆ ಕಳಿಸಲಿಲ್ಲ. ಆದರೆ ತಂಡದ ಜೊತೆ ಪ್ರಮಾಣವಚನ ತೆಗೆದುಕೊಳ್ಳುವ ಹಾಗಿಲ್ಲ, ಮುಂದಿನ ತಂಡದ ಜೊತೆ ಮೊದಲಿನಿಂದ ತರಬೇತಿ ಮಾಡಬೇಕು ಎಂದರು. ಅದನ್ನು ಕೇಳಿ ಆಫೀಸಿನ ಗೋಡೆ ಹಿಡಿದುಕೊಂಡೇ ಅವಳು ಹೊರಗೆ ಬಂದಳು. ಸಂತೋಷಕ್ಕೋ ದುಃಖಕ್ಕೋ ಅವಳಿಗೆ ತಿಳಿಯಲಿಲ್ಲ. 

ದೊಡ್ಡಕ್ಕನ ಗಂಡ ಪರಿಹಾರದ ಕಾಗದಗಳಿಗೆ ಸಹಿ ಹಾಕಲು ಬಂದಿದ್ದ ದಿನ ಅವಳನ್ನು ಹುಡುಕಿಕೊಂಡು ಬಂದ. ಮರದ ಕೆಳಗೆ ನಿಂತರು.

"ಬಾಂಡ್ ರದ್ದು ಮಾಡಿದ್ರು," ಅಂದ. "ಮಗಳಿಗೆ ಶಾಲೆ ನೋಡಿ ಬಂದೆ. ಇಲ್ಲೇ ಆಫೀಸಲ್ಲಿ ಒಂದು ಕೆಲಸಾನೂ ಕೊಡ್ತೀವಿ ಅಂದ್ರು ನನಗೆ. ಬೇಡ ಅಂದೆ. ಈ ಗೇಟು ದಿನಾ ದಾಟೋಕೆ ನನ್ನ ಕೈಲಾಗಲ್ಲ." ಅವನು ಉಗುರಿನ ಬಣ್ಣವನ್ನು ಹೆಬ್ಬೆರಳಿನಿಂದ ಕೆರೆದ. "ಅವಳು ತಾನಾಗೇ ಓಡಿದ್ದಲ್ಲ ಅಂತ ಗೊತ್ತಾಯ್ತಲ್ಲ. ನನಗೆ ಅದೇ ಒಂದು ಕೊರೀತಿತ್ತು. ನಾನು ಕಂಡ ಹೆಂಡತಿ ಬೇರೆ, ಇಲ್ಲಿದ್ದೋಳು ಬೇರೆ ಏನೋ ಅಂತ." ಆಮೇಲೆ ಕೇಳಿದ: "ನೀರು ಕುಡಿದ್ಲಾ ಅಮ್ಮ, ಕೊನೇಗೆ?"

"ಕುಡಿದ್ರು. ಒಂದು ಗುಟುಕು. ಮಿಕ್ಕದ್ದು ತಲೆಗೆ ಹಾಕ್ಕೊಂಡು ನಕ್ರು."

"ಏನಂದ್ಲು?"

ಅವಳು ಹೇಳಿದಳು. ಪೊಲೀಸೋ ಕತ್ತೆಯೋ ಅನ್ನುವ ಮಾತು ಕೇಳಿ ಅವನ ತುಟಿ ಅದುರಿತು. ನಗುವೂ ಬಂತು. ಅದನ್ನು ಮುಚ್ಚಿಕೊಳ್ಳಲು ಮುಖ ಆಚೆ ತಿರುಗಿಸಿದ. ಹೋಗುವಾಗ, "ನಿನಗೆ ತೊಂದರೆ ಆಯ್ತಂತೆ" ಅಂದ. ಅವಳು "ಪರವಾಗಿಲ್ಲ ಅಣ್ಣ" ಅಂದಳು. ಪರವಾಗಿಲ್ಲ ಅನ್ನುವುದು ನಿಜವಾಗಿರಲಿಲ್ಲ.

ಹಳೆಯ ತಂಡ ಹೊರಟುಹೋಯಿತು. ಲೀಡರ್ ಹೊರಡುವ ಮೊದಲು ಅವಳ ಮಂಚದ ಹತ್ತಿರ ಬಂದು, ತನ್ನ ಬೂಟು ಪಾಲಿಶಿನ ಡಬ್ಬಿಯನ್ನು ಇಟ್ಟು ಹೋದಳು. ಹೊಸ ತಂಡ ಬರುವ ಹಿಂದಿನ ದಿನ, ಹೊಸ ಬೂಟು ತೆಗೆದುಕೊಳ್ಳಲು ಪಿಟೀಲು ಉಗ್ರಾಣಕ್ಕೆ ಹೋದಳು. ಕೌಂಟರಿನ ಆಚೆ ಮೇಷ್ಟ್ರು ಇದ್ದರು.

ಅವರನ್ನು ಇಲ್ಲಿಗೆ ಹಾಕಿದ್ದಾರೆಂದು ಅವಳಿಗೆ ಯಾರೂ ಹೇಳಿರಲಿಲ್ಲ.  ತಿರುಗಿ ಹೋಗಬಹುದಿತ್ತು, ಆದರೆ ಬೂಟು ಬೇಕಾಗಿತ್ತು. ಕುತ್ತಿಗೆಯಲ್ಲಿ ಸೀಟಿಯಿಲ್ಲದೆ ಅವರು ಚಿಕ್ಕವರಾಗಿ ಕಾಣುತ್ತಿದ್ದರು. ಹಿಂದೆ ಹೊಸ ಕಂಬಳಿಗಳನ್ನು ಸೂರಿನವರೆಗೆ ಪೇರಿಸಿಟ್ಟಿತ್ತು.

"ಅಳತೆ?" ಅಂದರು. ಅವಳು ಹೇಳಿದಳು. 

ಅವರು ಒಂದು ಜೊತೆ ತಂದು ಕೌಂಟರಿನ ಮೇಲಿಟ್ಟರು. ತಾವೇ ಒಂದನ್ನು ಎತ್ತಿ, ಅಟ್ಟೆಯ ಹೊಲಿಗೆಯ ಮೇಲೆ ಹೆಬ್ಬೆರಳು ಎಳೆದು ನೋಡಿದರು. ಹೊಲಿಗೆ ಸಡಿಲವಾಗಿದ್ದ ಆ ಜೊತೆಯನ್ನು ಒಳಗೆ ಒಯ್ದು ಬೇರೆಯದನ್ನು ತಂದರು. ರಿಜಿಸ್ಟರನ್ನು ಅವಳ ಕಡೆ ತಿರುಗಿಸಿ ಪೆನ್ನು ಕೊಟ್ಟರು.

ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು. ಹಾಳೆ ಎದ್ದೆದ್ದು ಅವಳ ಕೈಗೆ ಬಡಿಯುತ್ತಿತ್ತು. ಮೇಷ್ಟ್ರು ಎರಡು ಬೆರಳಿನಿಂದ ಅದರ ಅಂಚನ್ನು ಒತ್ತಿ ಹಿಡಿದರು.  ಅವಳು ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದಳು. ಅಲ್ಲಿಯವರೆಗೂ ಅವರು ಬೆರಳು ತೆಗೆಯಲಿಲ್ಲ.